ಒಂದೇ ನೆಟ್, ಎರಡು ಕಂಪ್ಯೂಟರ್: ಇನ್ನೊಂದು ಕನೆಕ್ಷನ್ ಬೇಕಾ?

ಪ್ರಶ್ನೆ: ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ಕೆಳಗೆ ಹಾಲ್‌ನಲ್ಲಿ ಟಿವಿ ಪಕ್ಕ ಫೈಬರ್ ನೆಟ್‌ನ ಬಾಕ್ಸ್ ಇದೆ. 50 ಎಂಬಿಪಿಎಸ್ ಪ್ಲಾನ್. ಮಗಳು ಅಲ್ಲೇ ಲ್ಯಾಪ್‌ಟಾಪ್‌ನಲ್ಲಿ ಆನ್‌ಲೈನ್ ಕ್ಲಾಸ್ ಕೇಳುತ್ತಾಳೆ. ನಮ್ಮ ಮನೆಯವರು ಮಹಡಿ ಮೇಲಿನ ರೂಮಿನಲ್ಲಿ ಡೆಸ್ಕ್‌ಟಾಪ್ ಇಟ್ಟುಕೊಂಡು ಅಂಗಡಿಯ ಜಿಎಸ್‌ಟಿ ಲೆಕ್ಕ ನೋಡುತ್ತಾರೆ. ಅಲ್ಲಿ ನೆಟ್ ತುಂಬಾ ನಿಧಾನ. ಎರಡನೇ ಕನೆಕ್ಷನ್ ತೆಗೆದುಕೊಳ್ಳಬೇಕಾ ಸರ್? ಇರುವುದನ್ನೇ ಹಂಚಿಕೊಂಡರೆ ಸ್ಪೀಡ್ ಅರ್ಧ ಆಗಲ್ವಾ?

ಉತ್ತರ: ಬೇಡ ಮೇಡಂ. ತಿಂಗಳು ತಿಂಗಳು ಇನ್ನೊಂದು ಬಿಲ್ ಕಟ್ಟುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಲ್ಯಾಪ್‌ಟಾಪ್ ಅನ್ನು ಬಾಕ್ಸ್ ಪಕ್ಕದಲ್ಲೇ ಇಟ್ಟು ಸ್ಪೀಡ್ ಟೆಸ್ಟ್ ಮಾಡಿ, ಬಂದ ಅಂಕಿ ಬರೆದಿಡಿ. ಅದನ್ನೇ ಮಹಡಿಗೆ ಒಯ್ದು, ಡೆಸ್ಕ್‌ಟಾಪ್ ಇರುವ ಟೇಬಲ್ ಮೇಲಿಟ್ಟು ಮತ್ತೆ ಮಾಡಿ. ಕೆಳಗೆ 45 ಬಂದು ಮೇಲೆ ಐದಾರಕ್ಕೆ ಇಳಿದರೆ ತಪ್ಪು ಪ್ಲಾನಿನದಲ್ಲ, ನಡುವೆ ಇರುವ ಆರ್‌ಸಿಸಿ ಛಾವಣಿಯದು. ಕಾಂಕ್ರೀಟು, ಅದರೊಳಗಿನ ಕಬ್ಬಿಣದ ಸರಳು ಎರಡೂ ವೈಫೈ ಸಿಗ್ನಲ್ ಅನ್ನು ತಡೆಯುತ್ತವೆ. ಹೊಸ ಕನೆಕ್ಷನ್‌ನ ಬಾಕ್ಸನ್ನೂ ಕೆಳಗೇ ಕೂರಿಸಿದರೆ ಮೇಲಿನ ಪಾಡು ಹಾಗೇ ಇರುತ್ತದೆ, ಅಲ್ವಾ? ಕೆಳಗೂ ಕಡಿಮೆ ಬಂದರೆ ಮಾತ್ರ ನೆಟ್ ಕೊಟ್ಟವರಿಗೆ ಫೋನ್ ಮಾಡಿ.

ಹಂಚುವ ಕೆಲಸವನ್ನು ನಿಮ್ಮ ಬಾಕ್ಸ್ ಈಗಾಗಲೇ ಮಾಡುತ್ತಿದೆ. ಹಳೇ ವಠಾರಗಳನ್ನು ನೆನಪಿಸಿಕೊಳ್ಳಿ. ಬೀದಿಗೆ ಒಂದೇ ಬಾಗಿಲು, ಒಂದೇ ನಂಬರು. ಪೋಸ್ಟ್‌ಮನ್ ಕಾಗದವನ್ನು ಬಾಗಿಲಲ್ಲಿ ಕೊಟ್ಟು ಹೋಗುತ್ತಾನೆ. ಯಾವುದು ಯಾವ ಮನೆಯದು ಅಂತ ಒಳಗಿನವರು ನೋಡಿ ತಲುಪಿಸುತ್ತಾರೆ. ಬಾಕ್ಸ್ ಮಾಡುವುದೂ ಇದನ್ನೇ. ಒಳಗೆ ಲ್ಯಾಪ್‌ಟಾಪ್‌ಗೆ 192.168.1.5, ಡೆಸ್ಕ್‌ಟಾಪ್‌ಗೆ 192.168.1.6 ಅಂತ ಬೇರೆ ಬೇರೆ ನಂಬರು ಕೊಡುತ್ತದೆ. ಹೊರಗಡೆಗೆ ಎಲ್ಲರ ಪರವಾಗಿ ತಾನೇ ಮಾತಾಡುತ್ತದೆ. ಇದಕ್ಕೆ ನ್ಯಾಟ್ ಅನ್ನುತ್ತಾರೆ. ಇಂಥ ನಂಬರುಗಳಿಗೆ ಐಪಿ ವಿಳಾಸ ಅಂತ ಹೆಸರು. ಹಳೇ ಪದ್ಧತಿಯ ಐಪಿ ವಿಳಾಸಗಳು ಇರುವುದೇ ಸುಮಾರು 429 ಕೋಟಿ. ಅವು ಮುಗಿದುಹೋಗುವ ಭಯದಲ್ಲಿ 1994ರಲ್ಲಿ ಈ ದಾರಿ ಹೇಳಿದರು. ಮನೆಮನೆಯಲ್ಲಿ ಒಂದೇ ಲೈನಿಗೆ ನಾಲ್ಕಾರು ಫೋನು, ಟಿವಿ, ಕಂಪ್ಯೂಟರ್ ಸೇರಿಕೊಳ್ಳುತ್ತಿರುವುದು ಇದರಿಂದಲೇ.

ಸ್ಪೀಡ್ ಅರ್ಧ ಆಗುವ ಮಾತು ಪೂರ್ತಿ ನಿಜ ಅಲ್ಲ. ಇಬ್ಬರೂ ಒಂದೇ ಹೊತ್ತಿಗೆ ಜೋರಾಗಿ ಎಳೆದಾಗ ಮಾತ್ರ ಪಾಲಾಗುತ್ತದೆ. 50 ಎಂಬಿಪಿಎಸ್‌ನಲ್ಲಿ 1 ಜಿಬಿ ಫೈಲ್ ಇಳಿಯಲು ಮೂರು ನಿಮಿಷ ಸಾಕು. ಇಬ್ಬರೂ ಒಟ್ಟಿಗೆ ಅಷ್ಟೇ ದೊಡ್ಡ ಫೈಲ್ ಇಳಿಸಿದರೆ ಐದೂವರೆ ನಿಮಿಷ. ಆದರೆ ವಿಡಿಯೋ ಕ್ಲಾಸ್‌ಗೆ ಮೂರು ನಾಲ್ಕು ಎಂಬಿಪಿಎಸ್ ಆದರೆ ಆಯಿತು. ಜಿಎಸ್‌ಟಿ ಕೆಲಸಕ್ಕೆ ಅದೂ ಬೇಡ. ನಿಮ್ಮ ಮನೆಗೆ ಇರುವ ಪ್ಲಾನೇ ಧಾರಾಳ.

ಹಾಗಾದರೆ ಮಾಡಬೇಕಾದದ್ದು ಏನು? ಬಾಕ್ಸಿನಿಂದ ಮಹಡಿಗೆ ಒಂದು ಲ್ಯಾನ್ ಕೇಬಲ್ ಎಳೆಸಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಒಂದು ಸಲ ಎಳೆಸಿದರೆ ವರ್ಷಗಟ್ಟಲೆ ಆ ಕಡೆ ನೋಡಬೇಕಾಗಿಲ್ಲ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ. 30-40 ಸೈಟಿನ ಮನೆಗೆ ಇಪ್ಪತ್ತು ಮೀಟರ್ ಆಸುಪಾಸು ಸಾಕಾಗುತ್ತದೆ. ಕೊಳ್ಳುವಾಗ ಒಳಗಿನ ತಂತಿ ಪೂರ್ತಿ ತಾಮ್ರದ್ದಾ ಅಂತ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಕೇಬಲ್ ಅಗ್ಗ, ಆದರೆ ಮಡಚಿದ ಕಡೆ ಬೇಗ ಮುರಿಯುತ್ತದೆ. ಕರೆಂಟ್ ವೈರ್ ಹೋಗುವ ಪೈಪಿನಲ್ಲಿ ಇದನ್ನು ತೂರಿಸಲು ಬಿಡಲೇಬೇಡಿ, ಬೇರೆ ಪಟ್ಟಿ ಹೊಡೆಸಿ. ಹೊರಗೋಡೆಯ ಮೇಲೆ ಹೋಗುವುದಾದರೆ ಪೈಪ್ ಹಾಕಿಸಿ. ಏಪ್ರಿಲ್ ಮೇ ತಿಂಗಳ ನಮ್ಮೂರ ಬಿಸಿಲಿಗೆ ಮೇಲಿನ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಮೇಲೆ ಡೆಸ್ಕ್‌ಟಾಪ್ ಹಿಂದೆ ಚುಚ್ಚಿದರೆ ಮುಗಿಯಿತು, ಪಾಸ್‌ವರ್ಡ್ ಕೂಡ ಬೇಡ. ಆದರೆ ಫೈಬರ್‌ನ ಸಣ್ಣ ವೈರನ್ನು ಮಾತ್ರ ನೀವೇ ಎಳೆದು ಬಾಕ್ಸ್ ಜಾಗ ಬದಲಿಸಬೇಡಿ. ಒಳಗಿರುವುದು ಗಾಜಿನ ಎಳೆ, ಜಾಸ್ತಿ ಬಗ್ಗಿಸಿದರೆ ಬೆಳಕೇ ದಾಟುವುದಿಲ್ಲ.

ಮಹಡಿಯಲ್ಲಿ ಫೋನ್‌ಗೂ ವೈಫೈ ಬೇಕಾದರೆ, ಆ ಕೇಬಲ್ ತುದಿಗೆ ಇನ್ನೊಂದು ರೂಟರ್, ಅಂದರೆ ಕೆಳಗಿನಂಥದೇ ನೆಟ್ ಹಂಚುವ ಬಾಕ್ಸ್, ಹಾಕಬಹುದು. ಇಲ್ಲಿ ಒಂದು ಎಚ್ಚರ. ಆಂಜನೇಯ ಬಡಾವಣೆಯಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಅಂಗಡಿ ಹುಡುಗ ಬಂದು ಎರಡನೇ ರೂಟರ್ ಸುಮ್ನೆ ಚುಚ್ಚಿ ಹೋಗಿದ್ದ. ಎರಡೂ ಪೆಟ್ಟಿಗೆ ತಾವೇ ಯಜಮಾನ ಅಂತ ನಂಬರು ಹಂಚತೊಡಗಿದವು. ನೆಟ್ ಬಂತು, ಹೋಯಿತು, ಮತ್ತೆ ಬಂತು. ಅಕ್ಕನ ಮಗ ಪರೀಕ್ಷೆ ಫಾರ್ಮ್ ತುಂಬಲು ಮೂರು ದಿನ ಒದ್ದಾಡಿದ. ಎರಡನೇ ರೂಟರ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ನಂಬರು ಹಂಚದೆ ಬರೀ ವೈಫೈ ಕೊಡುವ ಸೆಟ್ಟಿಂಗ್) ಇದ್ದರೆ ಅದನ್ನು ಆರಿಸಿ. ಇಲ್ಲದಿದ್ದರೆ ಅದರಲ್ಲಿ ನಂಬರು ಹಂಚುವ ಡಿಎಚ್‌ಸಿಪಿ ಅನ್ನು ಆಫ್ ಮಾಡಿ, ಅದರ ವಿಳಾಸವನ್ನು ಮೊದಲ ಬಾಕ್ಸಿನದಕ್ಕಿಂತ ಬೇರೆ ಮಾಡಿ, ಕೇಬಲ್ ಅನ್ನು ವ್ಯಾನ್ ಅಂತ ಬರೆದ ತೂತಿಗೆ ಹಾಕದೆ ಲ್ಯಾನ್ ತೂತಿಗೆ ಹಾಕಿ.

ವಿಂಡೋಸ್ 10, 11ರಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಅಂತ ಒಂದಿದೆ, ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ನೆಟ್ ಕೊಡಲು. ಮೊದಲನೆಯದು ಆಫ್ ಆದರೆ ಎರಡನೆಯದಕ್ಕೂ ನೆಟ್ ಇಲ್ಲ. ನಿಮಗೆ ಅದರ ಅಗತ್ಯ ಕಾಣುವುದಿಲ್ಲ.

ಕೊನೆಯದಾಗಿ ಕರೆಂಟ್. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇದ್ದರೂ ಕೆಳಗಿನ ಬಾಕ್ಸ್ ಆರಿಹೋದರೆ ಮೇಲೂ ನೆಟ್ ಇರುವುದಿಲ್ಲ. ಬಾಕ್ಸಿನ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಇದ್ದರೆ, ಅಷ್ಟೇ ವೋಲ್ಟಿನ ಪುಟ್ಟ ರೂಟರ್ ಯುಪಿಎಸ್ ಸಿಗುತ್ತದೆ. ಅಡಾಪ್ಟರ್ ಮೇಲಿನ ಬರಹದ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ. ವೋಲ್ಟ್, ಆಂಪಿಯರ್, ಪಿನ್ ಮೂರನ್ನೂ ಹೊಂದಿಸಿ ಕೊಡುತ್ತಾರೆ.