ಎಂಸಿಬಿ ಕಾಯುವುದು ವೈರನ್ನು, ನಿಮ್ಮನ್ನಲ್ಲ

"ನಮ್ಮನೇಲಿ ಎಲ್ಲಾ ಕಡೆ ಎಂಸಿಬಿ ಹಾಕಿಸಿದ್ದೀವಿ, ಶಾಕ್ ಭಯ ಇಲ್ಲ." ಈ ಮಾತು ಕೇಳಿದಾಗಲೆಲ್ಲ ನನಗೆ ದಿಗಿಲಾಗುತ್ತದೆ. ಹಳೆಯ ಕಪ್ಪು ಸ್ವಿಚ್ಚುಗಳನ್ನು ಕಿತ್ತು, ಬೆಳ್ಳಗಿನ ಮಾಡ್ಯುಲರ್ ಪ್ಲೇಟ್ ಕೂರಿಸಿ, ಪಿಂಗಾಣಿ ಫ್ಯೂಸ್ ಇದ್ದ ಜಾಗಕ್ಕೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಟ್ ಮಾಡುವ ಸ್ವಿಚ್) ಹಾಕಿಸಿದವರು ಹೀಗೆ ಹೇಳುತ್ತಾರೆ. ಖರ್ಚೇನೋ ಮಾಡಿದ್ದಾರೆ. ಆದರೆ ಮನುಷ್ಯರನ್ನು ಕಾಯುವ ಸಾಧನ, ಆರ್‌ಸಿಸಿಬಿ, ಆ ಡಬ್ಬಿಗೆ ಇನ್ನೂ ಬಂದೇ ಇಲ್ಲ.

ಲೆಕ್ಕ ಮಾಡಿ ನೋಡಿ. ಮನೆಗೆ ಬರುವುದು 230 ವೋಲ್ಟ್. ಒದ್ದೆ ಕೈ, ಬರಿಗಾಲು ಇದ್ದಾಗ ಮೈಯ ರೋಧ (ಕರೆಂಟಿಗೆ ಒಡ್ಡುವ ತಡೆ) ಸುಮಾರು 1,000 ಓಮ್ ಅಂದುಕೊಳ್ಳೋಣ. ಆಗ ಮೈಯಲ್ಲಿ ಹರಿಯುವುದು 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್. ಜೀವ ತೆಗೆಯಲು ಇದು ಬೇಕಾದಷ್ಟಾಯಿತು. ಆದರೆ 16 ಆಂಪಿಯರ್ ಎಂಸಿಬಿಯ ಕಣ್ಣಿಗೆ ಇದು ಒಂದು ಸೀಲಿಂಗ್ ಫ್ಯಾನ್ ತಿರುಗಿದಷ್ಟೂ ಅಲ್ಲ. ಅದು ಬೀಳುವುದೇ ಇಲ್ಲ. ವೈರ್ ಕಾದು ಬೆಂಕಿ ಹತ್ತಬಾರದು, ಶಾರ್ಟ್ ಆದರೆ ಲೈನ್ ಕಟ್ ಆಗಬೇಕು, ಅಷ್ಟೇ ಅದರ ಕೆಲಸ. ಅದನ್ನು ಚೆನ್ನಾಗಿಯೇ ಮಾಡುತ್ತದೆ.

ಎಷ್ಟು ಕರೆಂಟ್ ಅಪಾಯ ಅನ್ನುವುದನ್ನು ಅಂದಾಜಿನ ಮೇಲೆ ಬಿಡದೆ ಅಳೆದು ನೋಡಿದವರು ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯಲ್. 1940ರ ದಶಕದಲ್ಲಿ ಅವರು ಒಪ್ಪಿಬಂದ ಸ್ವಯಂಸೇವಕರ ಕೈ ಒದ್ದೆ ಮಾಡಿ, ತಾಮ್ರದ ತಂತಿ ಹಿಡಿಸಿ, ಕರೆಂಟನ್ನು ಸ್ವಲ್ಪ ಸ್ವಲ್ಪವೇ ಏರಿಸಿದರು. ತಂತಿಯನ್ನು ತಾವಾಗಿ ಬಿಡಲು ಎಲ್ಲಿಯವರೆಗೆ ಆಗುತ್ತದೆ ಎಂದು ಗುರುತು ಹಾಕಿಕೊಂಡರು. ಗಂಡಸರಲ್ಲಿ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಲ್ಲಿ 10.5. ಅದನ್ನು ದಾಟಿದರೆ ಬಿಡಬೇಕು ಅಂದರೂ ಕೈ ಬಿಡುವುದಿಲ್ಲ.

ನಮ್ಮಲ್ಲಿ "ಎಸಿ ಎಸೆಯುತ್ತೆ, ಡಿಸಿ ಎಳೆಯುತ್ತೆ" ಅನ್ನುವ ಮಾತು ಬೇರೂರಿದೆ (ಎಸಿ ಅಂದರೆ ಮನೆಗೆ ಬರುವ ಕರೆಂಟ್, ಡಿಸಿ ಅಂದರೆ ಬ್ಯಾಟರಿಯದು). ಅದು ತಪ್ಪು. ಕರೆಂಟ್ ಯಾರನ್ನೂ ಎಳೆದುಕೊಳ್ಳುವುದಿಲ್ಲ. ಬೆರಳು ಮಡಚುವ ಸ್ನಾಯುಗಳು ಬಿಡಿಸುವ ಸ್ನಾಯುಗಳಿಗಿಂತ ಬಲವಾಗಿವೆ. ನಮ್ಮ ಮನೆಯ 50 ಹರ್ಟ್ಸ್ ಎಸಿ ಎರಡನ್ನೂ ಬಿಡುವು ಕೊಡದೆ ಬಿಗಿಯುತ್ತದೆ, ಮಡಚುವ ಬಲ ಗೆಲ್ಲುತ್ತದೆ. ಕಾಲು, ಬೆನ್ನಿನ ಸ್ನಾಯುಗಳು ಒಮ್ಮೆಲೇ ಬಿಗಿದರೆ ಮನುಷ್ಯ ದೂರ ಹೋಗಿ ಬೀಳುತ್ತಾನೆ. ಎರಡೂ ನಮ್ಮ ಮೈಯ ಕೆಲಸವೇ. "ಎಸಿ ತಾನೇ, ಎಸೆದುಬಿಡುತ್ತೆ" ಅಂತ ನಂಬಿ ಕೂರುವುದು ಬಹಳ ಅಪಾಯ.

ಹಾಗಾದರೆ ಇಷ್ಟು ಸಣ್ಣ ಕರೆಂಟನ್ನು ಹಿಡಿಯುವುದು ಹೇಗೆ? ನನಗೆ ತುಂಬಾ ಇಷ್ಟವಾದ ಸಾಧನ ಬರುವುದು ಇಲ್ಲೇ. ಅದೇ ಆರ್‌ಸಿಸಿಬಿ. ಅಂಗಡಿಯಲ್ಲಿ, ಎಲೆಕ್ಟ್ರಿಷಿಯನ್‌ಗಳ ಬಾಯಲ್ಲಿ ಈಗಲೂ ಇಎಲ್‌ಸಿಬಿ. ಒಳಗೆ ಬಳೆಯಂಥ ಒಂದು ಲೋಹದ ಉಂಗುರವಿದೆ. ಫೇಸ್, ನ್ಯೂಟ್ರಲ್ ಎರಡೂ ಅದರ ಮೂಲಕ ಹೋಗುತ್ತವೆ. ಒಂದರಲ್ಲಿ ಕರೆಂಟ್ ಹೋದರೆ ಇನ್ನೊಂದರಲ್ಲಿ ವಾಪಸ್ ಬರುತ್ತದೆ. ದಿಕ್ಕು ಎದುರುಬದುರು, ಹಾಗಾಗಿ ಅವು ಹುಟ್ಟಿಸುವ ಕಾಂತಬಲ ಒಂದನ್ನೊಂದು ಪೂರ್ತಿ ಅಳಿಸಿಹಾಕುತ್ತದೆ. ಗೀಸರ್, ಇಸ್ತ್ರಿ ಪೆಟ್ಟಿಗೆ, ಗ್ರೈಂಡರ್ ಎಲ್ಲ ಒಟ್ಟಿಗೆ ಓಡಲಿ, 20 ಆಂಪಿಯರ್ ಹೋಗಿ 20 ಬರಲಿ, ಉಂಗುರದಲ್ಲಿ ಉಳಿಯುವುದು ಸೊನ್ನೆ.

ಈಗ ಯಾರೋ ಲೈವ್ ಆದ (ಹೊರಮೈಗೆ ಕರೆಂಟ್ ಬಂದ) ಗ್ರೈಂಡರ್ ಮುಟ್ಟಿದರು ಅನ್ನಿ. ಸ್ವಲ್ಪ ಕರೆಂಟ್ ಅವರ ಮೈಯಿಂದ ನೆಲಕ್ಕೆ ಇಳಿಯಿತು. ಅಷ್ಟು ಪಾಲು ನ್ಯೂಟ್ರಲ್‌ನಲ್ಲಿ ವಾಪಸ್ ಬರಲಿಲ್ಲ. ಬೆಳಿಗ್ಗೆ ಮೇಯಲು ಹೋದ ಕುರಿಗಳನ್ನು ಸಂಜೆ ದೊಡ್ಡಿಯ ಬಾಗಿಲಲ್ಲಿ ಎಣಿಸುವವನಂತೆ ಈ ಉಂಗುರ. ತಪ್ಪಿದ ಕುರಿ ಎಲ್ಲಿ ಹೋಯಿತು ಅಂತ ಅದಕ್ಕೆ ಗೊತ್ತಿಲ್ಲ, ಲೆಕ್ಕ ಕಮ್ಮಿ ಅಂತ ಮಾತ್ರ ಗೊತ್ತು. ಅಷ್ಟು ಸಾಕು. ಉಂಗುರಕ್ಕೆ ಸುತ್ತಿದ ಇನ್ನೊಂದು ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ರಿಲೇ ಕೊಂಡಿ ಕಳಚುತ್ತದೆ, ಸ್ಪ್ರಿಂಗ್ ಎರಡೂ ವೈರುಗಳನ್ನು ಕಡಿಯುತ್ತದೆ. ವ್ಯತ್ಯಾಸ 30 ಮಿಲಿಆಂಪಿಯರ್ ಆದರೆ 300 ಮಿಲಿಸೆಕೆಂಡ್ ಒಳಗೆ ಬೀಳಬೇಕು. 150 ಆದರೆ 40 ಮಿಲಿಸೆಕೆಂಡ್ ಒಳಗೆ. ಆರಾಮಾಗಿ ಕೂತಾಗ ಒಂದು ಎದೆಬಡಿತಕ್ಕೆ ಸುಮಾರು 800 ಮಿಲಿಸೆಕೆಂಡ್ ಬೇಕು!

30 ಮಿಲಿಆಂಪಿಯರ್‌ಗೆ ಬೀಳುವ ಆರ್‌ಸಿಸಿಬಿ ಇದ್ದರೆ ಮೈಯಲ್ಲಿ 30 ಮಿಲಿಆಂಪಿಯರ್ ಮಾತ್ರ ಹರಿಯುತ್ತದೆ ಅಂತ ತಿಳಿಯಬೇಡಿ. 230 ಹರಿಯಬೇಕಾಗಿದ್ದರೆ 230 ಹರಿದೇ ಹರಿಯುತ್ತದೆ. ಶಾಕ್ ಹೊಡೆಯುತ್ತದೆ, ನೋವೂ ಆಗುತ್ತದೆ. ಹೊಡೆಯುವ ಹೊತ್ತು ಮಾತ್ರ ಕಡಿಮೆ. ಹೃದಯದ ಲಯ ತಪ್ಪುವುದಕ್ಕೆ ಕರೆಂಟಿನಷ್ಟೇ ಆ ಹೊತ್ತೂ ಮುಖ್ಯ.

ಆರ್‌ಸಿಸಿಬಿಯ ಚರಿತ್ರೆ ಚಿನ್ನದ ಗಣಿಗೂ ತಳಕು ಹಾಕಿಕೊಂಡಿದೆ. ಕರ್ನಾಟಕಕ್ಕೂ ಒಂದು ಗಣಿಯ ಕಥೆ ಇದೆ ಅಲ್ವಾ? 1902ರಲ್ಲಿ ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿಲೋಮೀಟರ್ ದಾಟಿ ಮೊದಲು ತಲುಪಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. ಅದಾಗಿ ಅರ್ಧ ಶತಮಾನಕ್ಕೆ, 1950ರ ದಶಕದಲ್ಲಿ, ದಕ್ಷಿಣ ಆಫ್ರಿಕಾದ ಹೆನ್ರಿ ರುಬಿನ್ ಎಂಬ ಎಂಜಿನಿಯರ್ ಜೀವ ಉಳಿಸುವಷ್ಟು ಸೂಕ್ಷ್ಮವಾದ ಇಂಥ ಸಾಧನ ಮಾಡಿ, ಅಲ್ಲಿನ ಸ್ಟಿಲ್‌ಫಾಂಟೇನ್ ಎಂಬ ಚಿನ್ನದ ಗಣಿಯ ಊರಿನ ಮನೆಗಳಿಗೆ ಹಾಕಿದರು. 1960ರ ದಶಕದಲ್ಲಿ ಡಾಲ್ಜಿಯಲ್ ಅಮೆರಿಕದ ಮಾದರಿ ತಂದರು. ಅದು ಇನ್ನೂ ಬಿಗಿ, ಸುಮಾರು 5 ಮಿಲಿಆಂಪಿಯರ್‌ಗೇ ಬೀಳುತ್ತದೆ.

"ಅರ್ತಿಂಗ್ ಇದೆಯಲ್ಲ, ಇದೆಲ್ಲ ಯಾಕೆ?" ಅನ್ನುವವರು ಗೀಸರ್ ಒಳಗೆ ಏನಾಗುತ್ತದೆ ನೋಡಬೇಕು. ಕಾಯುವ ತಂತಿ ಒಂದು ಲೋಹದ ಕೊಳವೆಯ ನಡುವೆ ಇರುತ್ತದೆ. ಸುತ್ತ ಮೆಗ್ನೀಸಿಯಂ ಆಕ್ಸೈಡ್ ಪುಡಿ ಗಟ್ಟಿಯಾಗಿ ತುಂಬಿರುತ್ತಾರೆ. ಬೋರ್‌ವೆಲ್ಲಿನ ಗಡಸು ನೀರಿನಿಂದ ಕೊಳವೆಯ ಮೇಲೆ ಬಿಳಿ ಪದರ ಕಟ್ಟುತ್ತದೆ, ಕೊಳವೆ ಅತಿಯಾಗಿ ಕಾದು ಬಿರಿಯುತ್ತದೆ, ಪುಡಿಗೆ ನೀರು ಇಳಿಯುತ್ತದೆ. ಈಗ ನೀರೇ ಲೈವ್. ಮನೆಯ ಅರ್ತಿಂಗ್ ಗುಂಡಿಯ ರೋಧ 50 ಓಮ್ ಇದ್ದರೆ, ನೆಲಕ್ಕೆ ಹೆಚ್ಚೆಂದರೆ 4.6 ಆಂಪಿಯರ್ ಇಳಿಯುತ್ತದೆ. ಎಂಸಿಬಿ ಸುಮ್ನೆ ಕೂತಿರುತ್ತದೆ, ಗೀಸರ್ ಲೈವ್ ಆಗಿಯೇ ಉಳಿಯುತ್ತದೆ. ಬಂಡೆ ನೆಲ, ಬೇಸಿಗೆ, ವರ್ಷಗಟ್ಟಲೆ ನೀರು ಕಾಣದ ಗುಂಡಿ ಇದ್ದರೆ ರೋಧ ಇನ್ನೂ ಜಾಸ್ತಿ. ಆರ್‌ಸಿಸಿಬಿಗೆ 4.6 ಆಂಪಿಯರ್ ಅಂದರೆ ಭಾರೀ ಸೋರಿಕೆ. ಯಾರೂ ಮುಟ್ಟುವ ಮೊದಲೇ ಬೀಳುತ್ತದೆ. ಅರ್ತಿಂಗ್ ಇಲ್ಲದಿದ್ದರೂ ಅದು ಬೀಳುತ್ತದೆ, ಆದರೆ ಯಾರಾದರೂ ಮುಟ್ಟಿದ ಮೇಲೆ. ಹಾಗಾಗಿ ಎರಡೂ ಬೇಕು. ಮೂರನೇ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುವುದನ್ನು ದಯವಿಟ್ಟು ನಿಲ್ಲಿಸಿ. ಆ ಪಿನ್ ಉದ್ದ ಇರುವುದೇ ಅರ್ತ್ ಮೊದಲು ಕೂಡಲಿ ಅಂತ. ಸಾಕೆಟ್ ಬದಲಿಸುವುದೇ ಆದರೆ ಶಟರ್ ಇರುವುದನ್ನೇ ತನ್ನಿ, ಮಕ್ಕಳ ಕೈಯ ಹೇರ್‌ಪಿನ್ ಒಳಗೆ ಹೋಗುವುದಿಲ್ಲ.

ಕೊಳ್ಳುವಾಗ 30 ಮಿಲಿಆಂಪಿಯರ್ ಅಂತ ಬರೆದಿದೆಯಾ ನೋಡಿ. 100, 300ರವೂ ಸಿಗುತ್ತವೆ, ಅವು ಮೈಗೆ ತಗಲುವ ಶಾಕ್ ತಡೆಯಲಿಕ್ಕಲ್ಲ. ಬರೀ ಆರ್‌ಸಿಸಿಬಿ ಓವರ್‌ಲೋಡ್ ತಡೆಯುವುದಿಲ್ಲ, ಎಂಸಿಬಿ ಜೊತೆಗೇ ಇರಬೇಕು. ಒಂದು ಕೈ ಫೇಸ್, ಇನ್ನೊಂದು ನ್ಯೂಟ್ರಲ್ ಮುಟ್ಟಿ, ನೆಲಕ್ಕೆ ಏನೂ ಇಳಿಯದಿದ್ದರೆ ಲೆಕ್ಕ ತಪ್ಪುವುದಿಲ್ಲ, ಅದು ಬೀಳುವುದೂ ಇಲ್ಲ.

ಹಾಕಿಸಿದ ಮೇಲೆ ಪದೇ ಪದೇ ಬೀಳುತ್ತಿದೆಯಾ? "ಇದು ಸರಿಯಿಲ್ಲ ಸಾರ್, ತೆಗೆದುಬಿಡೋಣ" ಅಂದರೆ ಒಪ್ಪಬೇಡಿ. ಎಷ್ಟೋ ಮನೆಗಳಲ್ಲಿ ಯುಪಿಎಸ್ ಲೈನಿನ ನ್ಯೂಟ್ರಲ್ಲನ್ನು ಬೇರೆ ಸರ್ಕ್ಯೂಟಿನದರ ಜೊತೆ ಸೇರಿಸಿರುತ್ತಾರೆ, ಇಲ್ಲವೇ ಯಾವುದೋ ಬೋರ್ಡಿನಲ್ಲಿ ನ್ಯೂಟ್ರಲ್, ಅರ್ತ್ ಕೂಡಿರುತ್ತವೆ. ಇದ್ಯಾವುದೂ ಅಲ್ಲದಿದ್ದರೆ ನಿಜಕ್ಕೂ ಎಲ್ಲೋ ಸೋರುತ್ತಿದೆ. ಒಂದೊಂದೇ ಸರ್ಕ್ಯೂಟ್ ಬಿಡಿಸಿ ನೋಡಿದರೆ ಸಿಗುತ್ತದೆ. ತಿಂಗಳಿಗೊಮ್ಮೆ ಮುಂದಿರುವ 'ಟೆಸ್ಟ್' ಬಟನ್ ಒತ್ತಿ. ಲೈನ್ ಕಟ್ ಆಗದಿದ್ದರೆ ಬದಲಿಸಿ. ಆ ಬಟನ್ ನೋಡುವುದು ಆರ್‌ಸಿಸಿಬಿಯನ್ನು ಮಾತ್ರ, ಅರ್ತಿಂಗನ್ನಲ್ಲ. ಅದನ್ನು ಎಲೆಕ್ಟ್ರಿಷಿಯನ್ ಅರ್ತ್ ಟೆಸ್ಟರ್ ತಂದು ಬೇರೆಯಾಗಿಯೇ ಅಳೆಯಬೇಕು. ಅಳೆದು ಬಂದ ಓಮ್ ಎಷ್ಟು ಅಂತ ಕೇಳಿ, ಬರೆಸಿಟ್ಟುಕೊಳ್ಳಿ.