ಜನ ನಕ್ಕರು ಅಂತ ಸೀನ್ ಕತ್ತರಿಸಬೇಡಿ

ಪ್ರಿವ್ಯೂ ಮುಗಿದು ಲೈಟು ಹತ್ತಿದ ತಕ್ಷಣ ನಿರ್ಮಾಪಕರು ನನ್ನ ಕಡೆ ತಿರುಗುತ್ತಾರೆ. ಮುಖ ಬಾಡಿರುತ್ತದೆ. "ಸಾರ್, ಆ ಹಜಾರದ ಸೀನಲ್ಲಿ ಜನ ನಕ್ಬಿಟ್ರಲ್ಲ. ಅದನ್ನ ತೆಗೆದುಬಿಡೋಣ. ಇಲ್ಲಾಂದ್ರೆ ಒಂದು ಭಾರಿ ಮ್ಯೂಸಿಕ್ ಹಾಕಿ." ನಾನು 20 ವರ್ಷದಿಂದ ಸೌಂಡ್ ಮಿಕ್ಸಿಂಗ್ ಮಾಡುತ್ತಿದ್ದೇನೆ. ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಟ್ಟಿಲ್ಲ. ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ಅವರು ತೆಗೆಯಿರಿ ಅನ್ನುವ ಸೀನೇ ಹೆಚ್ಚಿನ ಸಲ ಆ ಸಿನಿಮಾದಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿರುವ ಸೀನು.

ಎಲ್ಲ ಹಾರರ್ ಸಿನಿಮಾದ ಬಗ್ಗೆ ಈ ಮಾತು ಹೇಳುತ್ತಿಲ್ಲ. ಬಿಳಿ ಸೀರೆ, ಗೆಜ್ಜೆ ಸದ್ದು, ಧಡಾರ್ ಅಂತ ತೆರೆಯುವ ಬಾಗಿಲು, ಅಲ್ಲಿಯ ಲೆಕ್ಕವೇ ಬೇರೆ. ನೋಡುವವರ ಕಾಲಡಿಯ ನೆಲವನ್ನೇ ಎಳೆದುಬಿಡುವ ಸಿನಿಮಾಗಳಿವೆ. ನಾಯಕಿ ಕಂಡಿದ್ದು ನಿಜವೋ ಅವಳ ತಲೆಯೊಳಗಿನದೋ ಗೊತ್ತಾಗುವುದಿಲ್ಲ. ನಿನ್ನೆ ಯಾವುದು, ಇವತ್ತು ಯಾವುದು ಅಂತಲೂ ತಿಳಿಯುವುದಿಲ್ಲ. ನಗುವಿನ ಗಲಾಟೆ ಜಾಸ್ತಿ ಆಗುವುದು ಇಂಥ ಸೈಕಲಾಜಿಕಲ್ ಹಾರರ್‌ನ ಪ್ರಿವ್ಯೂಗಳಲ್ಲೇ.

ನಗು ಬಂತು ಅಂದರೆ ಭಯ ಆಗಲಿಲ್ಲ ಅಂತ ಅರ್ಥ ಅಲ್ಲ. ಕತ್ತಲಲ್ಲಿ ಕೂತವನು ತನಗೇ ಗೊತ್ತಿಲ್ಲದೆ ಉಸಿರು ಹಿಡಿದಿರುತ್ತಾನೆ. ಭುಜ ಬಿಗಿಯಾಗಿರುತ್ತದೆ. ಆ ಬಿಗಿ ಎಲ್ಲೋ ಒಂದು ಕಡೆ ಸಡಿಲ ಆಗಲೇಬೇಕು. ಕೆಲವರು ಕಿರುಚುತ್ತಾರೆ. ಕೆಲವರಿಗೆ ಕೆಮ್ಮು ಬರುತ್ತದೆ. ಕೆಲವರು ಪಕ್ಕದವರ ಕಡೆ ವಾಲಿ "ಏನಂತೆ ಅದು?" ಅಂತ ಕೇಳುತ್ತಾರೆ. ತುಂಬ ಜನ ನಗುತ್ತಾರೆ. ಅದರಲ್ಲೂ ಗೆಳೆಯರ ಜತೆ ಬಂದ ಹುಡುಗರಿಗೆ ಕಿರುಚೋದಕ್ಕೆ ನಾಚಿಕೆ. ನಗೋದಕ್ಕೆ ಏನೂ ಅಡ್ಡಿಯಿಲ್ಲ ಅಲ್ವಾ?

ನಾನು ಹುಟ್ಟಿದ್ದು ಪುತ್ತೂರಿನ ಕಡೆ. ಚಿಕ್ಕವನಿದ್ದಾಗ ಅಜ್ಜಿಯ ಜತೆ ದೇವಿ ಮಹಾತ್ಮೆ ಯಕ್ಷಗಾನ ಆಟಕ್ಕೆ ಹೋಗುತ್ತಿದ್ದೆ. ಗೊತ್ತಿದ್ದವರಿಗೆ ಗೊತ್ತು, ಅದರಲ್ಲಿ ಮಹಿಷಾಸುರ ವೇಷ ಕಟ್ಟುವ ಚೌಕಿಯಿಂದ ನೆಟ್ಟಗೆ ರಂಗಸ್ಥಳಕ್ಕೆ ಬರುವುದಿಲ್ಲ. ಕೂತ ಜನರ ನಡುವಿನಿಂದ ಬರುತ್ತಾನೆ. ಎರಡೂ ಬದಿ ದೊಂದಿ. ರಾಳದ ಪುಡಿ ಎರಚಿದಾಗ ಬೆಂಕಿ ಭುಗ್ ಅಂತ ಏಳುತ್ತದೆ. ಚೆಂಡೆ ಕಿವಿಯಲ್ಲಲ್ಲ, ಎದೆಯಲ್ಲಿ ಬಡಿಯುತ್ತದೆ. ಒಂದು ರಾತ್ರಿ ಅಜ್ಜಿಯ ಮಡಿಲಲ್ಲಿ ನಿದ್ದೆ ಹೋಗಿದ್ದವನು ಆ ಅಬ್ಬರಕ್ಕೆ ಎದ್ದೆ. ಹೆದರಿ ಅಜ್ಜಿಯ ಮುಖ ನೋಡಿದೆ. ಅಜ್ಜಿ ನಗುತ್ತಿದ್ದರು, ಸುತ್ತಲಿನ ಹೆಂಗಸರೂ ನಗುತ್ತಿದ್ದರು. ಬೆಳಿಗ್ಗೆ ಸ್ನಾನಕ್ಕೆ ಅಂಗಿ ತೆಗೆದಾಗ ಅಮ್ಮ ಕೇಳಿದರು, "ಇದೆಂಥದ್ದು ಭುಜದಲ್ಲಿ?" ಅಜ್ಜಿಯ ನಾಲ್ಕು ಉಗುರಿನ ಗುರುತು. ಊರಲ್ಲಿ ಒಂದು ವಾರ ಆ ಮಹಿಷಾಸುರನದ್ದೇ ಮಾತು. ಜನ ನಕ್ಕರು, ಆಟ ಕೆಟ್ಟಿತು ಅಂತ ಯಾರೂ ಹೇಳಲಿಲ್ಲ.

ಹಾಗಾದರೆ ಯಾವ ನಗು ಭಯದ್ದು, ಯಾವುದು ಗೇಲಿಯದ್ದು ಅಂತ ಗುರುತಿಸುವುದು ಹೇಗೆ? ನಾನು ಮಾಡುವುದು ಇಷ್ಟು. ನಿರ್ದೇಶಕರನ್ನು ಕೇಳಿಕೊಂಡು, ಬಂದವರಿಗೂ ಮೊದಲೇ ತಿಳಿಸಿ, ಹಾಲಿನ ನಡುವೆ ಒಂದು ಚಿಕ್ಕ ರೆಕಾರ್ಡರ್ ಇಡುತ್ತೇನೆ. ಸ್ಟುಡಿಯೋಗೆ ವಾಪಸ್ ಬಂದು ಆ ರೆಕಾರ್ಡಿಂಗನ್ನು ಸಿನಿಮಾದ ಟ್ರ್ಯಾಕಿನ ಕೆಳಗೆ ಕೂರಿಸುತ್ತೇನೆ. ಆಗ ಜನ ಎಲ್ಲಿ ಉಸಿರಾಡಿದರು, ಎಲ್ಲಿ ಪಾಪ್‌ಕಾರ್ನ್ ಪೊಟ್ಟಣಕ್ಕೆ ಕೈ ಹಾಕಿದರು ಎಲ್ಲ ಸಾಲಾಗಿ ಕಾಣುತ್ತದೆ. ಭಯದ ನಗು ಹಾಲಿನ ಹತ್ತು ಕಡೆಯಿಂದ ಒಟ್ಟಿಗೆ ಏಳುತ್ತದೆ. ಚಿಕ್ಕದು. ಎರಡು ಸೆಕೆಂಡು, ಹೆಚ್ಚೆಂದರೆ ಮೂರು. ಆಮೇಲೆ ಹಾಲು ಮೊದಲಿಗಿಂತ ಹೆಚ್ಚು ತಣ್ಣಗಾಗುತ್ತದೆ. ಪೊಟ್ಟಣದ ಸದ್ದೂ ಇರುವುದಿಲ್ಲ. ಗೇಲಿಯ ನಗು ಹಾಗಲ್ಲ. ಅದು ಒಂದು ಮೂಲೆಯಲ್ಲಿ ಹುಟ್ಟುತ್ತದೆ. ಒಬ್ಬ ಏನೋ ಡೈಲಾಗ್ ಹೊಡೆಯುತ್ತಾನೆ, ಅಲ್ಲಿಂದ ಸಾಲು ಸಾಲಾಗಿ ಹರಡುತ್ತದೆ. ಅದು ನಿಂತ ಮೇಲೆ ಮಾತು ಶುರುವಾಗುತ್ತದೆ. ಸೀಟು ಕಿರುಗುಟ್ಟುತ್ತದೆ. ಯಾರೋ ಎದ್ದು ಹೊರಗೆ ಹೋಗುತ್ತಾರೆ.

ಇನ್ನೊಂದು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಗುವಿಗೆ ಕಿವಿ ಕೊಡಬೇಡಿ. ನಗು ನಿಂತ ಮೇಲಿನ 10 ಸೆಕೆಂಡಿಗೆ ಕಿವಿ ಕೊಡಿ. ಹಾಲು ನಿಮ್ಮ ಕೈಯಲ್ಲಿದೆಯೋ ಕೈತಪ್ಪಿದೆಯೋ ಅಲ್ಲಿ ಗೊತ್ತಾಗುತ್ತದೆ.

ಇದು ಅನುಭವದ ಮಾತು, ಸೂತ್ರ ಅಲ್ಲ. ತಪ್ಪಿದ್ದೂ ಇದೆ. ಒಂದು ಸಿನಿಮಾದಲ್ಲಿ ಕನ್ನಡಿ ಮುಂದೆ ನಾಯಕಿ ಪಿಸುಗುಟ್ಟುವ ಸೀನಿಗೆ ಜನ ನಕ್ಕರು. ಭಯದ ನಗು ಅಂತ ನಾನು ಗಟ್ಟಿಯಾಗಿ ವಾದ ಮಾಡಿದೆ. ಬೇರೆ ಊರಲ್ಲಿ ಎರಡನೇ ಪ್ರಿವ್ಯೂ ಆಯಿತು. ಅದೇ ಜಾಗದಲ್ಲಿ ಅದೇ ನಗು, ಹಿಂದೆಯೇ ಗುಸುಗುಸು. ಫ್ರೇಮ್ ಫ್ರೇಮ್ ನೋಡಿದರೆ ಡಬ್ಬಿಂಗ್ ತುಟಿಗಿಂತ ಐದು ಫ್ರೇಮ್ ಹಿಂದೆ ಇತ್ತು. ಸೆಕೆಂಡಿಗೆ 24 ಫ್ರೇಮ್‌ನಲ್ಲಿ ಐದು ಅಂದರೆ ಕಣ್ಣಿಗೆ ಚೆನ್ನಾಗಿ ಹೊಡೆಯುತ್ತದೆ. ಸರಿ ಮಾಡಿದೆವು, ನಗು ಹೋಯಿತು. ಹಾಗಾಗಿ ಮೊದಲು ಕೆಲಸದ ತಪ್ಪು ಇದೆಯಾ ನೋಡಿ. ಆಮೇಲೆ ಮನಸ್ಸಿನ ಮಾತು.

ಇನ್ನೊಂದು ಸಿನಿಮಾದ ನೆನಪು ಇವತ್ತಿಗೂ ನೋಯಿಸುತ್ತದೆ. ಹೆಸರು ಬೇಡ. ಅದರಲ್ಲಿ ನಾಯಕಿ ಖಾಲಿ ಹಜಾರದಲ್ಲಿ ನಡೆಯುತ್ತಾಳೆ, ಹಿಂದಿನಿಂದ ತನ್ನದೇ ದನಿ ಕೇಳುತ್ತದೆ. ಮಾಮೂಲಾಗಿ ಮಾತು ಪರದೆಯ ಹಿಂದಿನ ನಡು ಸ್ಪೀಕರ್‌ನಿಂದ ಬರುತ್ತದೆ. ಎರಡು ಗಂಟೆ ಜನರ ಕಿವಿ ಅದಕ್ಕೇ ಒಗ್ಗಿರುತ್ತದೆ. ನಾವು ಆ ಒಂದು ಸಾಲನ್ನು ಮಾತ್ರ ಹಾಲಿನ ಹಿಂಗೋಡೆಯ ಸ್ಪೀಕರ್‌ಗೆ ಹಾಕಿದೆವು. ಪ್ರಿವ್ಯೂನಲ್ಲಿ ನಾನು ಪರದೆ ನೋಡಲಿಲ್ಲ, ಜನರನ್ನು ನೋಡಿದೆ. ಮೂವತ್ತು ನಲವತ್ತು ತಲೆ ಒಟ್ಟಿಗೆ ಹಿಂದಕ್ಕೆ ತಿರುಗಿದವು. ಒಬ್ಬರ ಮುಖ ಒಬ್ಬರು ನೋಡಿಕೊಂಡರು, ನಕ್ಕರು. ಆಮೇಲೆ ಸದ್ದೇ ಇಲ್ಲ. ನನಗೆ ಕಣ್ಣಲ್ಲಿ ನೀರು ಬಂತು, ಅಷ್ಟು ಖುಷಿ. ನಿರ್ಮಾಪಕರಿಗೆ ಕೇಳಿಸಿದ್ದು ನಗು ಮಾತ್ರ. ಅವರ ಹಠಕ್ಕೆ ದನಿ ಮುಂದಿನ ಸ್ಪೀಕರ್‌ಗೆ ಬಂತು, ಅದರ ಕೆಳಗೆ ವಯಲಿನ್ ಗುಂಯ್‌ಗುಟ್ಟಿತು, ಕೊನೆಗೊಂದು ಧಡ್. ಬಿಡುಗಡೆಯಾದ ಮೇಲೆ ದಾವಣಗೆರೆಯಲ್ಲಿ ಮ್ಯಾಟಿನಿಗೆ ಹೋಗಿ ಕೂತೆ. ಯಾರೂ ನಗಲಿಲ್ಲ. ಯಾರೂ ತಿರುಗಲಿಲ್ಲ. ವಯಲಿನ್ ಶುರುವಾದ ಕೂಡಲೇ ನನ್ನ ಮುಂದಿನ ಸಾಲಲ್ಲಿ ಆರು ಮೊಬೈಲ್ ಬೆಳಗಿದವು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗಾಯಿತು.

ಇಷ್ಟು ಹೇಳಿದರೆ ಒಂದು ಉತ್ತರ ಯಾವಾಗಲೂ ಸಿದ್ಧ ಇರುತ್ತದೆ. "ಹಿಚ್‌ಕಾಕ್ ಕೂಡ ಮ್ಯೂಸಿಕ್ ಹಾಕಿಲ್ವಾ ಸಾರ್?" ಹಾಕಿದ್ದಾರೆ. 1960ರ ಸೈಕೋದಲ್ಲಿ ಸ್ನಾನದ ಮನೆಯ ಕೊಲೆಗೆ ಸಂಗೀತವೇ ಬೇಡ ಅಂತ ಅವರು ಮೊದಲು ಹೇಳಿದ್ದರು. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳನ್ನು ಇಟ್ಟುಕೊಂಡು ಬರೆದು ಕೇಳಿಸಿದ ಮೇಲೆ ಮನಸ್ಸು ಬದಲಾಯಿಸಿದರು. ಸರಿಯಾಗಿಯೇ ಮಾಡಿದರು. ಆದರೆ ಆ ಸೀನಲ್ಲಿ ಏನು ನಡೆಯುತ್ತಿದೆ ಅನ್ನುವುದರಲ್ಲಿ ಗೊಂದಲ ಇಲ್ಲ. ಚಾಕು ಇದೆ, ಕೈ ಇದೆ, ಹೆಂಗಸು ಇದ್ದಾಳೆ. ಸಂಗೀತ ನಮ್ಮ ಜತೆ ಸೇರಿ ಕಿರುಚುತ್ತದೆ. ನಿಮ್ಮ ಹಜಾರದ ಸೀನಲ್ಲಿ ಏನು ನಡೆಯುತ್ತಿದೆ ಅಂತ ಜನರಿಗೆ ಗೊತ್ತಿಲ್ಲ, ಗೊತ್ತಾಗಬಾರದು ಅಂತಲೇ ನೀವು ಬರೆದಿದ್ದೀರಿ. ಅಲ್ಲಿ ಸಂಗೀತ ಬಂದರೆ ಅದು 'ಇಲ್ಲಿ ಹೆದರಿಕೊಳ್ಳಿ' ಅಂತ ಬೋರ್ಡು ಹಾಕಿದ ಹಾಗೆ. ಬೋರ್ಡು ಕಂಡ ಮೇಲೆ ದಾರಿ ತಪ್ಪಿದ ಭಯ ಎಲ್ಲಿ ಉಳಿಯುತ್ತದೆ?

ಎಲ್ಲ ಬಿಡಿಸಿ ಹೇಳಿಬಿಟ್ಟರೆ ಆಯಿತಲ್ಲ ಅಂತ ಕೆಲವರು ಆಪ್ತಮಿತ್ರದ ಮಾತು ತೆಗೆಯುತ್ತಾರೆ. 2004ರ ಆ ಸಿನಿಮಾದಲ್ಲಿ ವಿಷ್ಣುವರ್ಧನ್ ಅವರ ಡಾಕ್ಟರ್ ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ, ಜನ ಒಪ್ಪಿದರು. ನಿಜ. ಅಲ್ಲಿ ಹುಡುಕುವುದೇ ಡಾಕ್ಟರ ಕೆಲಸ, ನಾವೂ ಅವರ ಬೆನ್ನಿಗೇ ಹುಡುಕುತ್ತಾ ಹೋಗುತ್ತೇವೆ. ಮಿಕ್ಸಿಂಗ್‌ನ ಕೊನೆಯ ದಿನ ಒಂದು ವಾಯ್ಸ್ ಓವರ್ ತಂದು ಅಂಟಿಸಿದರೆ ಅದು ಆಗುವುದಿಲ್ಲ.

ನನಗೆ ಧೈರ್ಯ ಕೊಡುವ ಸಿನಿಮಾ ಅಂದರೆ ಡ್ಯಾರೆನ್ ಅರೊನೊಫ್ಸ್ಕಿ ಅವರ 2017ರ ಮದರ್! ಒಂದು ಮನೆ, ಒಬ್ಬ ಹೆಂಗಸು, ಕರೆಯದೆ ಬರುತ್ತಲೇ ಇರುವ ಜನ. ಕ್ಯಾಮೆರಾ ಜೆನಿಫರ್ ಲಾರೆನ್ಸ್ ಅವರನ್ನು ಬಿಟ್ಟು ಹೋಗುವುದಿಲ್ಲ. ಅವರ ಮುಖದ ಮೇಲಿರುತ್ತದೆ, ಇಲ್ಲ ಹೆಗಲ ಹಿಂದಿರುತ್ತದೆ, ಇಲ್ಲ ಅವರ ಕಣ್ಣಾಗಿರುತ್ತದೆ. ಮನೆಯ ಒಟ್ಟು ನಕ್ಷೆ ನಮಗೆ ಸಿಗುವುದೇ ಇಲ್ಲ. ಯೋಹಾನ್ ಯೋಹಾನ್ಸನ್ ಅದಕ್ಕೆ ಹಿನ್ನೆಲೆ ಸಂಗೀತ ಬರೆದಿದ್ದರು. ಆಮೇಲೆ ಅವರೂ ನಿರ್ದೇಶಕರೂ ಸೇರಿ ಅದನ್ನು ಪೂರ್ತಿ ತೆಗೆದುಬಿಟ್ಟರು. ಮರದ ನೆಲ ಕಿರ್ ಅನ್ನುವುದು, ಲೋಟ ಇಡುವುದು, ಪಕ್ಕದ ಕೋಣೆಯ ಮಾತು, ಇಷ್ಟೇ ಉಳಿಯಿತು. ನಮ್ಮ ಕಸುಬಿನವರು ಕೂತು ಕೇಳಬೇಕಾದ ಕೆಲಸ ಅದು.

ಆ ಸಿನಿಮಾಗೆ ಸಿನಿಮಾಸ್ಕೋರ್‌ನಲ್ಲಿ ಎಫ್ ಬಂತು. ಅಮೆರಿಕದಲ್ಲಿ ಮೊದಲ ದಿನ ನೋಡಿದ ಜನರಿಂದ ಕೊಡಿಸುವ ಗ್ರೇಡು ಅದು. ಎಫ್ ಅಂದರೆ ಫೇಲು, ತುಂಬ ಅಪರೂಪಕ್ಕೆ ಬರುವಂಥದ್ದು. ನಿರ್ಮಾಪಕರಿಗೆ ಇದನ್ನು ಹೇಳಿದರೆ "ನೋಡಿ, ನಾನು ಹೇಳ್ಲಿಲ್ವಾ!" ಅನ್ನುತ್ತಾರೆ. ಅವರ ಮಾತು ಪೂರ್ತಿ ತಪ್ಪು ಅಂತ ನಾನು ಹೇಳಲಾರೆ. ದುಡ್ಡು ಅವರದ್ದು. ಮನೆ ಅಡವಿಟ್ಟು ಸಿನಿಮಾ ಮಾಡಿದವರನ್ನು ನಾನು ನೋಡಿದ್ದೇನೆ. ಜನರ ಸಿಟ್ಟೂ ಸುಳ್ಳಲ್ಲ. ಆದರೆ ಹೊರಗೆ ಬಂದಾಗ ಬಾಯಿ ಹೇಳುವುದು ಒಂದು, ಒಳಗೆ ಕೂತಾಗ ಮೈ ಹೇಳುವುದು ಇನ್ನೊಂದು. ಹೊರಬಂದವನನ್ನು 'ಹೇಗಿತ್ತು' ಅಂತ ಕೇಳಿದರೆ ಅವನು ಇಷ್ಟ ಆಯಿತೋ ಇಲ್ಲವೋ ಹೇಳುತ್ತಾನೆ. ಸೀನು ತಾಗಿತೋ ಇಲ್ಲವೋ ಅನ್ನುವುದಕ್ಕೆ ಅದು ಉತ್ತರ ಅಲ್ಲ. ತಾಗದ ಸಿನಿಮಾಗೆ ಯಾರೂ ಅಷ್ಟು ಸಿಟ್ಟಾಗುವುದಿಲ್ಲ, ಸುಮ್ನೆ ಮರೆತು ಮನೆಗೆ ಹೋಗುತ್ತಾರೆ.

ತಲೆ ಸುತ್ತಿ, ವಾಕರಿಕೆ ಬಂದು ಎದ್ದು ಹೋಗುವವರ ವಿಷಯ ಬೇರೆ. ಕ್ಯಾಮೆರಾ ಕೈಯಲ್ಲಿ ಹಿಡಿದು ಓಡುತ್ತಾ ತೆಗೆದ ದೃಶ್ಯದಲ್ಲಿ ಕಣ್ಣು 'ಓಡುತ್ತಿದ್ದೇವೆ' ಅನ್ನುತ್ತದೆ, ಒಳಕಿವಿ 'ಕೂತಿದ್ದೇವೆ' ಅನ್ನುತ್ತದೆ. ಬಸ್ಸಿನಲ್ಲಿ ವಾಂತಿ ಬರುವ ಹಾಗೆಯೇ ಇದು. ಇದನ್ನು ಸಿನಿಮಾದ ಗೆಲುವು ಅಂತ ಪೋಸ್ಟರ್ ಹಾಕಬೇಡಿ. ತಲೆ ಸುತ್ತಿದರೆ ಪರದೆ ಬಿಟ್ಟು ಬಾಗಿಲ ಮೇಲಿನ ಕೆಂಪು ದೀಪ ನೋಡುತ್ತಾ ಸ್ವಲ್ಪ ಹೊತ್ತು ಕೂರಿ ಅಂತ ಜನರಿಗೆ ಹೇಳುತ್ತೇನೆ. ಹುಷಾರಿಲ್ಲದವರನ್ನು ಬಲವಂತವಾಗಿ ಕೂರಿಸಬೇಡಿ.

ನಮ್ಮ ಹಾಲುಗಳಿಗೇ ಸೇರಿದ ಒಂದು ಪ್ರತಿಕ್ರಿಯೆ ಇದೆ. ಟ್ರ್ಯಾಕಿನಲ್ಲಿ ಪೂರ್ತಿ ಮೌನ ಇಟ್ಟರೆ ಹಿಂದಿನಿಂದ ಶಿಳ್ಳೆ ಬೀಳುತ್ತದೆ. "ಏಯ್, ಸೌಂಡ್ ಕೊಡೋ!" ಅಂತ ಆಪರೇಟರ್ ಕಡೆ ಕೂಗುತ್ತಾರೆ. ಪಾಪ, ಅವರ ತಪ್ಪಲ್ಲ. ಎಷ್ಟೋ ಹಾಲುಗಳಲ್ಲಿ ನಿಜವಾಗಿ ಸೌಂಡ್ ಹೋಗಿರುತ್ತದೆ. ಅದಕ್ಕೇ ನಾನು ಪೂರ್ತಿ ಮೌನ ಇಡುವುದಿಲ್ಲ. ಫ್ರಿಜ್‌ನ ಗುಂಯ್, ದೂರದ ಬೋರ್‌ವೆಲ್ ಮೋಟಾರು, ಏನಾದರೊಂದು ಎಳೆ ಬಿಟ್ಟಿರುತ್ತೇನೆ. ಆ ಎಳೆ ಜನರವರೆಗೆ ತಲುಪಬೇಕಾದರೆ ಥಿಯೇಟರಿನವರೂ ಮನಸ್ಸು ಮಾಡಬೇಕು. ನಾವು ಮಿಕ್ಸ್ ಮಾಡುವುದು ಫೇಡರ್, ಅಂದರೆ ಸದ್ದು ಏರಿಳಿಸುವ ಗುಂಡಿ, 7ರಲ್ಲಿ ಇಟ್ಟು, ಮುಂದಿನ ಒಂದೊಂದು ಸ್ಪೀಕರೂ 85 ಡೆಸಿಬಲ್‌ಗೆ ಹೊಂದಿಸಿದ ಕೋಣೆಯಲ್ಲಿ. ಹಾಲಿನಲ್ಲಿ ಯಾರೋ ಕಿವಿ ನೋವು ಅಂದರು ಅಂತ 5ಕ್ಕೆ ಇಳಿಸುತ್ತಾರೆ. ಆ ಭಾಗದಲ್ಲಿ ಒಂದು ಅಂಕಿ ಅಂದರೆ ಸುಮಾರು 3.3 ಡೆಸಿಬಲ್. ಎರಡು ಅಂಕಿ ಇಳಿದರೆ ದೊಡ್ಡ ಸದ್ದು ಹೇಗೋ ಕೇಳಿಸುತ್ತದೆ, ಸಣ್ಣ ಎಳೆ ಎಸಿ ಸದ್ದಿನಲ್ಲಿ ಮುಳುಗುತ್ತದೆ. ಆಗ ಜನ ಬೇಜಾರಾಗಿ ನಕ್ಕರೆ ಅದು ಸೀನಿನ ತಪ್ಪೂ ಅಲ್ಲ, ಜನರ ತಪ್ಪೂ ಅಲ್ಲ.

ಈಗ ನನ್ನ ಟೇಬಲ್ ಮೇಲೆ ಒಬ್ಬ ಹೊಸ ಹುಡುಗಿಯ ಸಿನಿಮಾ ಇದೆ. ಮೊದಲ ಸಿನಿಮಾ. ಅಡುಗೆಮನೆಯಲ್ಲಿ ಅತ್ತೆ ಸೊಸೆಗೆ ಎರಡನೇ ಸಲ ಅದೇ ಕಾಫಿ ಕೊಟ್ಟು ಅದೇ ಮಾತು ಹೇಳುತ್ತಾರೆ. ಅಲ್ಲಿ ಪ್ರಿವ್ಯೂನಲ್ಲಿ ನಗು ಎದ್ದಿತು. ಹುಡುಗಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತಳು. "ಸಾರ್, ಆ ಸೀನ್ ತೆಗೆದುಬಿಡ್ತೀನಿ." ಸ್ಟುಡಿಯೋಗೆ ಕರೆದುಕೊಂಡು ಹೋಗಿ ರೆಕಾರ್ಡಿಂಗ್ ಕೇಳಿಸಿದೆ. ನಗು ಎರಡು ಸೆಕೆಂಡು. ಆಮೇಲೆ ಏನೂ ಇಲ್ಲ. ಹೆಡ್‌ಫೋನಿನಲ್ಲಿ ಹುಡುಕಿದರೆ ಒಂದು ಮಗು "ಅಮ್ಮಾ" ಅನ್ನುವುದು, ಯಾರೋ "ಶ್" ಅನ್ನುವುದು, ಅಷ್ಟೇ.

ತೊಂದರೆ ಒಂದೇ ಇತ್ತು. ಅತ್ತೆ ತಿರುಗಿದಾಗ ಬಳೆಯ ಸದ್ದು ಬರುವುದಿಲ್ಲ, ಮೊದಲನೇ ಸಲ ಬಂದಿತ್ತು. ಆ ವ್ಯತ್ಯಾಸದಲ್ಲೇ ಕಥೆ ಇದೆ. ಜನರ ನಗು ಸರಿಯಾಗಿ ಅದರ ಮೇಲೆ ಬಿದ್ದು ಅದನ್ನು ಮುಚ್ಚಿಹಾಕಿತ್ತು. ಹಾಗಾಗಿ ನಾವು ಏನೂ ಕತ್ತರಿಸಲಿಲ್ಲ. ಮಾತು ಮುಗಿದ ಮೇಲೆ, ಅತ್ತೆ ತಿರುಗುವ ಮೊದಲು, ಸೊಸೆ ಲೋಟ ಹಿಡಿದು ನಿಂತ ಶಾಟನ್ನು 48 ಫ್ರೇಮ್ ಬೆಳೆಸಿದೆವು. ನಗುವುದಕ್ಕೆ ಎರಡು ಸೆಕೆಂಡು ಜಾಗ. ನಿರ್ಮಾಪಕರು ಇನ್ನೂ ಪೂರ್ತಿ ಒಪ್ಪಿಲ್ಲ. ಮುಂದಿನ ಶುಕ್ರವಾರ ಹಾಸನದಲ್ಲಿ ಇನ್ನೊಂದು ಪ್ರಿವ್ಯೂ ಇದೆ, ಪಕ್ಕದಲ್ಲೇ ಕೂತು ಕೇಳುತ್ತೇನೆ ಅಂದಿದ್ದಾರೆ. ರೆಕಾರ್ಡರ್‌ಗೆ ಹೊಸ ಬ್ಯಾಟರಿ ತಂದಿಟ್ಟಿದ್ದೇನೆ.