ಮಂಗನ ಕಾಯಿಲೆಯ ಜಾಡು ನೆಲದಲ್ಲೇ ಇತ್ತು

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸಾಯತೊಡಗಿದವು. ಅದೇ ಹೊತ್ತಿಗೆ ಕಾಡಂಚಿನ ಊರುಗಳಲ್ಲಿ ವಿಪರೀತ ಜ್ವರ, ಮೈಕೈ ನೋವು, ಕೆಲವರಿಗೆ ಮೂಗು, ಒಸಡಿನಲ್ಲಿ ರಕ್ತ. ಜನ ಎರಡನ್ನೂ ಜೋಡಿಸಿ ಮಂಗನ ಕಾಯಿಲೆ ಅಂದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಅನುಮಾನ ಬಂದದ್ದು ಹಳದಿ ಜ್ವರದ ಮೇಲೆ. ಅದು ಸೊಳ್ಳೆಯಿಂದ ಬರುವಂಥದ್ದು. ಸಿಕ್ಕಿದ್ದು ಮಾತ್ರ ಉಣುಗಿನಿಂದ, ಅಂದರೆ ಪ್ರಾಣಿಗಳ ಮೈಗೆ ಕಚ್ಚಿ ರಕ್ತ ಹೀರುವ ಪುಟ್ಟ ಜೀವಿಯಿಂದ, ಹರಡುವ ಹೊಸ ವೈರಸ್.

ಅದರ ನೆಂಟರು ರಷ್ಯಾದ ಕಡೆಯ ವೈರಸ್‌ಗಳು. ಹಾಗಾದರೆ ಸೈಬೀರಿಯಾದ ವಲಸೆ ಹಕ್ಕಿಗಳೇ ಇದನ್ನು ತಂದವಾ? ಪಕ್ಷಿತಜ್ಞ ಸಲೀಂ ಅಲಿಯವರ ಹಕ್ಕಿಗಳಿಗೆ ಉಂಗುರ ತೊಡಿಸುವ ಯೋಜನೆಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಸಿಕ್ಕಿದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಹಕ್ಕಿಗಳ ಬಗ್ಗೆ ಬೇಕಾದಷ್ಟು ತಿಳಿಯಿತು. ಅವು ವೈರಸ್ ತಂದವು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ.

ನೋಡಬೇಕಾದದ್ದು ಕಾಲಬುಡದಲ್ಲಿತ್ತು. ದರಗಿನ, ಅಂದರೆ ಕಾಡಿನಲ್ಲಿ ಉದುರಿದ ಒಣ ಎಲೆಗಳ, ಮೇಲೆ ಬಿಳಿ ಬಟ್ಟೆಯೊಂದನ್ನು ಮೆಲ್ಲಗೆ ಎಳೆದು ಮಗುಚಿದರೆ ಎಳ್ಳಿನಷ್ಟೂ ಇಲ್ಲದ ಮರಿ ಉಣುಗುಗಳು ಅಂಟಿಕೊಂಡಿರುತ್ತವೆ. ಸಂಶೋಧಕರು ಉಣುಗು ಹಿಡಿಯುವುದು ಹೀಗೇ. ನಮ್ಮನ್ನು ಕಚ್ಚುವುದೂ ಹೆಚ್ಚಾಗಿ ಈ ಮರಿಗಳೇ. ಮಳೆಗಾಲ ಕಳೆದು ನೆಲ ಒಣಗಿದ ಮೇಲೆ ಇವು ಜಾಸ್ತಿ. ಸೊಪ್ಪು, ದರಗು, ಸೌದೆಗೆ ಜನ ಕಾಡು ಹೊಕ್ಕುವುದೂ ಆಗಲೇ ಅಲ್ವಾ?

ಇನ್ನು ಬೆಳೆದ ಉಣುಗಿಗೆ ದೊಡ್ಡ ಪ್ರಾಣಿಯ ರಕ್ತ ಬೇಕು. ಮೇಯಲು ಬಿಟ್ಟ ದನ ಅದಕ್ಕೆ ಹೇಳಿ ಮಾಡಿಸಿದಂತೆ. ದನಕ್ಕೆ ಕಾಯಿಲೆಯೇನೂ ಬರುವುದಿಲ್ಲ. ಆದರೆ ರಕ್ತ ಕುಡಿದು ಉಬ್ಬಿ ಉದುರಿದ ಹೆಣ್ಣು ಉಣುಗು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಜನ, ದನ ಹೆಚ್ಚಿ ಕಾಡು ತುಂಡಾದ ಕಡೆಯೇ ಉಣುಗೂ ಹೆಚ್ಚಿತು ಎಂದು ವಿಜ್ಞಾನಿ ಬೊಶೆಲ್ 1969ರಲ್ಲೇ ಬರೆದಿದ್ದರು. 1983ರ ಸುಮಾರಿಗೆ ಬೆಳ್ತಂಗಡಿಯಲ್ಲಿ ಗೇರು ತೋಟಕ್ಕೆಂದು ಕಾಡು ಕಡಿದ ಜಾಗದಿಂದ ಕಾಯಿಲೆ ಎದ್ದು ಸಾವಿರಕ್ಕೂ ಹೆಚ್ಚು ಜನರನ್ನು ಮಲಗಿಸಿತು.

ಪಾಪ, ಮಂಗಕ್ಕೆ ಸುಮ್ನೆ ಕೆಟ್ಟ ಹೆಸರು. ಅದೂ ನಮ್ಮಂತೆ ಉಣುಗು ಕಚ್ಚಿಸಿಕೊಂಡು ಸಾಯುವ ಪ್ರಾಣಿ. ಆದರೆ ಸತ್ತ ಮಂಗದ ಮೈಯಿಂದ ಉಣುಗುಗಳು ಇಳಿದು ಸುತ್ತ ಹರಡುತ್ತವೆ. ಅದಕ್ಕೇ ಹೆಣ ಬಿದ್ದಲ್ಲಿ 50 ಅಡಿ ಸುತ್ತ ಮೆಲಾಥಿಯಾನ್ ಎಂಬ ಕೀಟನಾಶಕ ಹೊಡೆಯುವ ಪದ್ಧತಿ ಬಂತು.

2012ರಿಂದೀಚೆಗೆ ಕಾಯಿಲೆ ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಸಿಂಧುದುರ್ಗದಲ್ಲೂ ಕಾಣಿಸಿದೆ. ಹಳೆಯ ಲಸಿಕೆಯ ರಕ್ಷಣೆ ಬೇಗ ಇಳಿಯುತ್ತಿತ್ತು. 2022ರಲ್ಲಿ ಅದನ್ನು ಕೊಡುವುದೇ ನಿಂತಿತು. ಈಗ ಕಾಡಿಗೆ ಹೊರಟವರು ಕೈಕಾಲಿಗೆ ಉಣುಗನ್ನು ದೂರವಿಡುವ ಡೀಪಾ ಎಣ್ಣೆ ಹಚ್ಚಿಕೊಳ್ಳುತ್ತಾರೆ. ವಾಪಸು ಬಂದು ಬಿಸಿನೀರಲ್ಲಿ ಮಿಂದು, ಬಟ್ಟೆಯ ಮಡಿಕೆ ಬಿಡಿಸಿ ಉಣುಗು ಹುಡುಕುತ್ತಾರೆ.